ಪಿಯುಸಿ ನಂತರದ ವಿದ್ಯಾರ್ಥಿವೇತನ: ಈಗಲೇ ಆಗಬೇಕಾದ ಕೆಲಸ

ದ್ವಿತೀಯ ಪಿಯುಸಿಯಲ್ಲಿರುವ ತಾವು, ಬಿ.ಎಸ್ಸಿ. ಓದಲು ಯಾವ ವಿದ್ಯಾರ್ಥಿವೇತನಗಳು ದೊರೆಯುತ್ತವೆ, ಅದಕ್ಕಾಗಿ ಫಲಿತಾಂಶದವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಅರ್ಜಿ ಸಲ್ಲಿಸಲು ಕಾಯಲೇಬೇಕು. ದಾಖಲೆಗಳನ್ನು ಹೊಂದಿಸಿಕೊಳ್ಳಲು ಕಾಯಬೇಕಿಲ್ಲ, ಮತ್ತು ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಅಲ್ಲಿಯೇ.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ‘ಆರ್‌ಡಿ’ಯಿಂದ ಆರಂಭವಾಗುವ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು ಆಧಾರ್‌ನಲ್ಲಿ ಹಿಂದಿದ್ದರೆ, ಇಲ್ಲವೇ ಒಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ, ಈಗಲೇ ತಿದ್ದಿಸಿಕೊಳ್ಳಿ. ಹಣ ಆಧಾರ್‌ಗೆ ಜೋಡಣೆಯಾದ ಖಾತೆಗೆ ಜಮೆಯಾಗುವುದರಿಂದ, ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟು ಸುಮ್ಮನಾಗದೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಿಸುವುದು) ಆಗಿದೆಯೇ ಎಂದು ಕೌಂಟರ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ತಾವು ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದಲ್ಲಿ, ಊಟ ಮತ್ತು ವಸತಿಗೆ 10 ತಿಂಗಳು ನೆರವು ನೀಡುವ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯನ್ನು ಮರೆಯಬೇಡಿ.

ಕೇಂದ್ರ ಸರ್ಕಾರದ ಕೇಂದ್ರೀಯ ವಲಯ ವಿದ್ಯಾರ್ಥಿವೇತನ ಯೋಜನೆ ಬೇರೆಯದು. ಅದರ ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿರುತ್ತದೆ. ಮಂಡಳಿಯ ಪರೀಕ್ಷೆಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರುವ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರಿಗೆ ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ, ಪರೀಕ್ಷೆ ಬರೆದವರಲ್ಲಿ ಶೇಕಡಾ ಎಷ್ಟು ಮಂದಿಗಿಂತ ತಾವು ಮುಂದಿದ್ದೀರಿ ಎಂಬ ಲೆಕ್ಕ. ಶೇ 80 ಬಂದಿಲ್ಲವೆಂದು ಅರ್ಜಿಯನ್ನೇ ಹಾಕದೆ ಬಿಡಬೇಡಿ. ಆದರೆ ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇದು ದೊರೆಯದು. ಆದ್ದರಿಂದ ತಮಗೆ ಯಾವುದು ಲಾಭವೆಂದು ಮೊದಲೇ ಲೆಕ್ಕಹಾಕಿಕೊಳ್ಳಿ. ಪ್ರತಿವರ್ಷದ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಇರಬೇಕು.