ಕಾರು ನಿಲ್ಲಿಸಿದವನ ಕಥೆ

ಕಾರ್ ರೇಸ್ ಸಿನಿಮಾಗಳಲ್ಲಿ ಎಂಜಿನ್ನಿನ ಅಬ್ಬರ ಬಿಟ್ಟರೆ ಪಾತ್ರಗಳೊಳಗೆ ಹುಡುಕುವಂಥದ್ದು ಏನಾದರೂ ಇರುತ್ತದೆಯೇ ಎಂದು ಕೇಳಿದ್ದೀರಿ. ಇರುತ್ತದೆ. ರಾನ್ ಹೊವಾರ್ಡ್ ನಿರ್ದೇಶಿಸಿ 2013ರಲ್ಲಿ ಬಿಡುಗಡೆಯಾದ ‘ರಷ್’ ನೋಡಿ. ಮೊದಲ ಸಲ ನೋಡಿದಾಗ ನನ್ನ ಕಣ್ಣೂ ಚಕ್ರಗಳ ಮೇಲೆಯೇ ಇತ್ತು. ಎರಡನೆಯ ಸಲ ಅದು ಬೇರೆಯದೇ ಸಿನಿಮಾ ಆಗಿ ಕಂಡಿತು.

1976ರ ಫಾರ್ಮುಲಾ ಒನ್ ಪಟ್ಟಕ್ಕಾಗಿ ಬ್ರಿಟನ್ನಿನ ಜೇಮ್ಸ್ ಹಂಟ್ ಮತ್ತು ಆಸ್ಟ್ರಿಯಾದ ನಿಕಿ ಲೌಡಾ ನಡೆಸಿದ ಪೈಪೋಟಿ ಇದರ ಕಥೆ. ಒಬ್ಬ ಮೋಜುಗಾರ, ಇನ್ನೊಬ್ಬ ಲೆಕ್ಕಾಚಾರದವನು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ರೇಸಿಗೆ ಮುನ್ನ ಹಂಟ್ ವಾಂತಿ ಮಾಡಿಕೊಳ್ಳುತ್ತಾನೆ. ಕೆಲವೇ ಕ್ಷಣಗಳ ದೃಶ್ಯ; ಅದನ್ನು ತಪ್ಪಿಸಿಕೊಂಡರೆ ಹಂಟ್ ಅರ್ಥವಾಗುವುದಿಲ್ಲ. ಸಾವಿಗೆ ಹೆದರದವನಂತೆ ಊರೆಲ್ಲ ನಗುತ್ತ ತಿರುಗುವವನ ಒಡಲು ನಿಜ ಹೇಳಿಬಿಡುತ್ತದೆ. ಲೌಡಾ ತನ್ನ ಭಯವನ್ನು ಬಚ್ಚಿಡುವುದಿಲ್ಲ, ಅಂಕಿಗೆ ಇಳಿಸುತ್ತಾನೆ. ಸಾಯುವ ಸಾಧ್ಯತೆ ಶೇ. 20ರಷ್ಟಿದ್ದರೆ ಒಪ್ಪಿಗೆ, ಅದರ ಮೇಲೆ ಒಂದು ಪಾಲು ಹೆಚ್ಚಿದರೂ ಒಲ್ಲೆ ಎಂಬುದು ಅವನ ನಿಲುವು.

ಈಗ ಎರಡು ಮಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಗಸ್ಟ್ 1ರಂದು, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಸುಮಾರು 23 ಕಿಲೋಮೀಟರ್ ಉದ್ದದ ಒದ್ದೆ ಹಾದಿಯಲ್ಲಿ ರೇಸ್ ಬೇಡ ಎಂದು ಲೌಡಾ ವಾದಿಸುತ್ತಾನೆ. ಸಿನಿಮಾದಲ್ಲಿ ಚಾಲಕರ ಮತ ಕೇಳುತ್ತಾರೆ, ಅವನು ಸೋಲುತ್ತಾನೆ. ತನ್ನ ಲೆಕ್ಕ ಬೇಡವೆಂದರೂ ಬಹುಮತಕ್ಕೆ ತಲೆಬಾಗಿ ಕಾರು ಹತ್ತುತ್ತಾನೆ, ಬೆಂಕಿಗೆ ಸಿಕ್ಕುತ್ತಾನೆ. 42 ದಿನಗಳಲ್ಲಿ ಇಟಲಿಯ ಮೊಂಜಾಕ್ಕೆ ಮರಳಿ ನಾಲ್ಕನೆಯ ಸ್ಥಾನ ಗಳಿಸುತ್ತಾನೆ. ಅಕ್ಟೋಬರ್ 24ರಂದು ಜಪಾನಿನ ಫೂಜಿಯಲ್ಲಿ ಮತ್ತೆ ಮಳೆ. ಈ ಸಲ ಯಾರ ಮತವನ್ನೂ ಕೇಳದೆ, ಎರಡೇ ಸುತ್ತಿನ ಬಳಿಕ ಕಾರು ನಿಲ್ಲಿಸಿ ಇಳಿದುಬಿಡುತ್ತಾನೆ.

ಹೊಸದಾಗಿ ಮದುವೆಯಾದಾಗ ಸುಖವನ್ನು ಶತ್ರು ಎಂದವನು ಇವನೇ. ಕಳೆದುಕೊಳ್ಳಲು ಏನೋ ಇದೆಯೆಂಬ ಅರಿವು ಚಾಲಕನ ಕೈಕಟ್ಟುತ್ತದೆ ಎಂಬುದು ಆಗ ಅವನ ಅಳಲು. ಸುಟ್ಟ ಗಾಯ ಮಾಯುವ ಮೊದಲೇ ತಲೆಗೆ ಹೆಲ್ಮೆಟ್ ತೂರಿಸಲು ಒದ್ದಾಡುವಾಗ, ನೋಡುತ್ತ ನಿಂತ ಹೆಂಡತಿ ಮಾರ್ಲೀನಳ ಬಾಯಿ ಕಟ್ಟಿದವನೂ ಇವನೇ. ಫೂಜಿಯಲ್ಲಿ ಅವನ ಕಣ್ಣ ಮುಂದೆ ಅವಳೇ ಬರುತ್ತಾಳೆ. ಹಾಗಾಗಿ ಅವನು ಸೋತದ್ದು ಹಂಟ್‌ಗೆ ಎಂದು ನನಗೆ ಅನ್ನಿಸುವುದೇ ಇಲ್ಲ. ತಾನು ಶತ್ರುವೆಂದು ಕರೆದಿದ್ದ ಆ ಸುಖಕ್ಕೆ ಅವನು ತಾನಾಗಿಯೇ ಶರಣಾದ.

ಒಂದು ಎಚ್ಚರಿಕೆ: ಸಿನಿಮಾ ಇಬ್ಬರ ಹಗೆತನವನ್ನು ಹಿಗ್ಗಿಸಿದೆ. ನಿಜಜೀವನದಲ್ಲಿ ಅವರು ಗೆಳೆಯರು. ಆದರೂ ಮಲಗಿದ ಲೌಡಾನನ್ನು ಎಬ್ಬಿಸಿ ಮತ್ತೆ ಕಾರಿಗೆ ಹತ್ತಿಸಿದ್ದು ಹಂಟ್‌ನ ಗೆಲುವುಗಳೇ ಎಂಬ ಎಳೆ ನನಗೆ ಬಹಳ ಹಿಡಿಸಿತು.

ನೀವು ನೋಡುವಾಗ ಫೂಜಿಯ ಕೊನೆಯ ಸುತ್ತುಗಳಲ್ಲಿ ಹಂಟ್‌ನ ಮುಖ ಗಮನಿಸಿ. ಅಲ್ಲಿ ಮೂರನೆಯವನಾಗಿ ಬಂದು 69–68ರಿಂದ, ಒಂದೇ ಅಂಕದ ಅಂತರದಲ್ಲಿ ಅವನು ವಿಶ್ವ ಚಾಂಪಿಯನ್ ಆದ. ನಿಜವಾಗಿ ಆ ದಿನ, ಗೆದ್ದಿದ್ದೇನೆಂದು ತಿಳಿಯದೆ, ಕಾರಿನಿಂದಿಳಿದವನೇ ತನ್ನ ತಂಡದವರ ಮೇಲೆ ರೇಗಾಡುತ್ತಿದ್ದ.