ಮೊದಲು ಕತ್ತರಿ, ಆಮೇಲೆ ಗುರುತು

ನಮಸ್ಕಾರ.

ಹೋದ ಸಂಚಿಕೆಯ ಲೇಖನದಲ್ಲಿ ಒಂದು ಸಾಲಿತ್ತು: 'ಶಿಲೀಂಧ್ರ ಮೊದಲು ಮರವನ್ನು ಗುರುತಿಸುತ್ತದೆ, ಆಮೇಲೆ ಕರಗಿಸಿ ತಿನ್ನುತ್ತದೆ.' ನೀವು ಅದರ ಕೆಳಗೆ ಗೆರೆ ಎಳೆದು ಕಳಿಸಿದ್ದೀರಿ. 'ಕಣ್ಣಿಲ್ಲ, ಮೂಗಿಲ್ಲ, ನಾಲಿಗೆಯಿಲ್ಲ. ಗುರುತಿಸುವುದು ಯಾವುದರಿಂದ ಸ್ವಾಮಿ?' ಎಂದು ಕೇಳಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ. ಒಣಗಿದ ಎಲೆ, ಕಡ್ಡಿಗಳ ರಾಶಿಗೆ ಸಕ್ಕರೆ ನೀರು ಚಿಮುಕಿಸಿದರೆ ಬೂಷ್ಟು ಚೆನ್ನಾಗಿ ಹಿಡಿದು ರಾಶಿ ಬೇಗ ಗೊಬ್ಬರವಾಗುವುದಿಲ್ಲವೇ ಎಂದು.

ಮೊದಲು ತಪ್ಪೊಪ್ಪಿಗೆ. ಆ ಸಾಲು ನನ್ನ ಕೈ ದಾಟಿಯೇ ಅಚ್ಚಿಗೆ ಹೋದದ್ದು. ಅದರಲ್ಲಿ ಕ್ರಮವೇ ತಲೆಕೆಳಗಾಗಿದೆ. ಶಿಲೀಂಧ್ರ ಮೊದಲು ಕತ್ತರಿಸುತ್ತದೆ. ಗುರುತು ಸಿಗುವುದು ಆಮೇಲೆ.

ಅದರ ಕಷ್ಟ ಸ್ವಲ್ಪ ನೋಡಿ. ಗಿಡದ ಕೋಶದ ಗೋಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಸೆಲ್ಯುಲೋಸ್. ಅಂದರೆ ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಮಣಿ ಪೋಣಿಸಿದ ಸರ. ಇಂಥ ಸರಗಳು ಒತ್ತೊತ್ತಾಗಿ ಅಂಟಿಕೊಂಡು ಗಟ್ಟಿ ನೂಲಾಗಿರುತ್ತವೆ. ಅದು ನೀರಲ್ಲಿ ಕರಗುವುದಿಲ್ಲ, ಗಾಳಿಯಲ್ಲಿ ತೇಲುವುದಿಲ್ಲ. ಹಾಗಾಗಿ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಶಿಲೀಂಧ್ರವೋ ತಲೆಗೂದಲಿಗಿಂತ ಎಷ್ಟೋ ತೆಳುವಾದ ಎಳೆಗಳ ಜಾಲ. ಎಳೆಯ ಸುತ್ತಲೂ ಅದರದ್ದೇ ಗಟ್ಟಿ ಗೋಡೆ. ಸೆಲ್ಯುಲೋಸನ್ನು ಹಾಗೇ ನುಂಗೋಣವೆಂದರೆ ಬಾಯಿಲ್ಲ. ಅನ್ನದ ರಾಶಿಯ ಮೇಲೆ ಕೂತಿದ್ದರೂ ಅದಕ್ಕೆ ತಿಳಿಯುವ ಹಾಗಿಲ್ಲ.

ಹಾಗಾಗಿ ಅದನ್ನು ನಡೆಸುವುದು ಹಸಿವು. ಸುತ್ತಲಿನ ಸುಲಭದ ಸಕ್ಕರೆ ಮುಗಿದಾಗ ಎಳೆಗಳು ತೀರಾ ಸ್ವಲ್ಪ ಎಂಜೈಮ್, ಅಂದರೆ ಕತ್ತರಿಯ ಹಾಗೆ ಕೆಲಸ ಮಾಡುವ ವಸ್ತು, ಹೊರಗೆ ಬಿಡುತ್ತವೆ. ಎದುರಿಗೆ ಏನಿದೆ ಎಂದು ಗೊತ್ತಿಲ್ಲದೆ, ಕತ್ತಲಲ್ಲಿ ಕೈ ಹಾಕಿ ತಡಕಿದ ಹಾಗೆ. ಏನೂ ಸಿಗದಿದ್ದರೆ ನಷ್ಟ ಅಷ್ಟಕ್ಕಷ್ಟೇ. ಸೆಲ್ಯುಲೋಸ್ ಇದ್ದರೆ ಮಾತ್ರ ಸರದಿಂದ ಎರಡೆರಡು ಮಣಿಯ ಚೂರುಗಳು ಕಳಚುತ್ತವೆ. ಈ ಜೋಡಿಮಣಿಯ ಹೆಸರು ಸೆಲ್ಲೋಬಯೋಸ್. ಇದು ನೀರಲ್ಲಿ ಕರಗುತ್ತದೆ. ಎಳೆಯ ಪೊರೆಯಲ್ಲಿ ಇದಕ್ಕೆಂದೇ ಇರುವ ಪುಟ್ಟ ಬಾಗಿಲುಗಳಿಂದ ಒಳಗೆ ಹೋಗುತ್ತದೆ. ಹೊರಗೆ ಏನಿದೆ ಎಂಬ ಸುದ್ದಿಯೂ ಇದೇ, ಮೊದಲ ತುತ್ತೂ ಇದೇ. ಸುದ್ದಿ ಮುಟ್ಟಿದ ಮೇಲೆ ಹತ್ತಾರು ಜೀನ್‌ಗಳು ಒಟ್ಟಿಗೆ ಎದ್ದು ಕೂರುತ್ತವೆ. ಅಲ್ಲಿಯವರೆಗೆ ಹನಿಯಷ್ಟಿದ್ದ ಎಂಜೈಮ್ ಹೊಳೆಯಾಗುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ನ್ಯೂರೋಸ್ಪೊರಾ. ಸುಟ್ಟ ಗಿಡಮರಗಳ ಮೇಲೆ ಕಿತ್ತಳೆ ಬಣ್ಣದಲ್ಲಿ ಬೆಳೆಯುವ ಬೂಷ್ಟು ಅದು. ಅದಕ್ಕೆ ಸೆಲ್ಲೋಬಯೋಸನ್ನು ಹಾಗೇ ಕೊಟ್ಟು ನೋಡಿದರೆ ದೊಡ್ಡ ಗಡಿಬಿಡಿಯೇನೂ ಕಾಣುವುದಿಲ್ಲ. ಯಾಕೆಂದರೆ ಅದರದ್ದೇ ಇನ್ನೊಂದು ಎಂಜೈಮ್ ಆ ಜೋಡಿಯನ್ನು ಬೇಗ ಒಡೆದು ಒಂಟಿ ಗ್ಲೂಕೋಸ್ ಮಾಡಿಬಿಡುತ್ತದೆ. ಸುದ್ದಿ ಓದುವ ಮೊದಲೇ ಕಾಗದ ಹರಿದ ಹಾಗಾಯಿತು. ಆ ಒಡೆಯುವ ಎಂಜೈಮ್‌ನ ಮೂರು ಜೀನ್‌ಗಳನ್ನು ತೆಗೆದುಹಾಕಿ ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಆ ಬೂಷ್ಟಿಗೆ ಬರೀ ಸೆಲ್ಲೋಬಯೋಸ್ ಸಾಕಾಯಿತು. ಎದುರಿಗೆ ಸೆಲ್ಯುಲೋಸ್ ಗುಡ್ಡೆಯೇ ಇದೆ ಎನ್ನುವ ಹಾಗೆ ಎಂಜೈಮ್ ಸುರಿಸಿತು.

ಈಗ ನಿಮ್ಮ ಸಕ್ಕರೆ ನೀರಿಗೆ ಬರೋಣ. ಒಂಟಿ ಗ್ಲೂಕೋಸ್ ಕೈಗೆ ಸಿಗುತ್ತಿದ್ದರೆ ಶಿಲೀಂಧ್ರ ಸೆಲ್ಯುಲೋಸ್ ಕತ್ತರಿಸುವ ಜೀನ್‌ಗಳನ್ನು ಮುಚ್ಚಿಡುತ್ತದೆ. ಎಂಜೈಮ್ ಅಂದರೆ ಪ್ರೋಟೀನ್, ಅದನ್ನು ಮಾಡುವುದು ದುಬಾರಿ ಕೆಲಸ. ಬಿಟ್ಟಿ ಊಟ ಸಿಗುವಾಗ ಕಟ್ಟಿಗೆ ಒಡೆಯುವವರು ಯಾರು ಹೇಳಿ! ನೀವು ಸಕ್ಕರೆ ಹಾಕಿದರೆ ಬೂಷ್ಟು ದಟ್ಟವಾಗಿ ಹಬ್ಬಬಹುದು, ನೋಡಲು ಖುಷಿಯೂ ಆಗಬಹುದು. ಆದರೆ ಆ ಸಕ್ಕರೆ ತೀರುವವರೆಗೆ ಅದು ನಿಮ್ಮ ಕಡ್ಡಿಗಳ ತಂಟೆಗೆ ಹೋಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ ಕಂಡ ಒಂದು ಪ್ರಸಂಗವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಡೇರೆಗಳು ಕೊಳೆತು ಚಿಂದಿಯಾಗುತ್ತಿದ್ದವು. ಹತ್ತಿಬಟ್ಟೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸೇ ಅಲ್ವಾ? ಅಲ್ಲಿ ಸಿಕ್ಕ ಹಸಿರು ಬೂಷ್ಟು ಟ್ರೈಕೋಡರ್ಮಾ. ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್. ಗ್ಲೂಕೋಸ್ ಕೊಟ್ಟಾಗಲೂ ಈ ಬೂಷ್ಟು ಸೆಲ್ಯುಲೋಸ್ ಕತ್ತರಿಸುವ ಎಂಜೈಮ್ ಮಾಡುತ್ತಿತ್ತು. ಅದು ಆಗಬಾರದ ಕೆಲಸ. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಆ ಗ್ಲೂಕೋಸ್ ಪುಡಿಯಲ್ಲಿ ಸೊಫೊರೋಸ್ ಎಂಬ ಇನ್ನೊಂದು ಜೋಡಿಮಣಿ ಸಕ್ಕರೆ ಕಲಬೆರಕೆಯ ಹಾಗೆ ಒಂದಿಷ್ಟು ಸೇರಿಕೊಂಡಿತ್ತು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಷ್ಟು ಚೂರು ಸುದ್ದಿಗೇ ಬೂಷ್ಟು ಕಿವಿ ನಿಮಿರಿಸಿತ್ತು. (ಕಿವಿಯಿಲ್ಲ ಎಂದು ಮತ್ತೊಂದು ಪತ್ರ ಬರೆಯಬೇಡಿ.) ರೀಸ್ ಹೆಸರನ್ನೇ ಆ ಬೂಷ್ಟಿಗೆ ಇಟ್ಟರು, ಟ್ರೈಕೋಡರ್ಮಾ ರೀಸಿಯೈ ಎಂದು. ಡೇರೆ ಹಾಳು ಮಾಡಿದ ಅದರ ಎಂಜೈಮ್ ಈಗ ಜೀನ್ಸ್ ಬಟ್ಟೆಯನ್ನು ಮೆದು ಮಾಡಲು ಬಳಕೆಯಾಗುತ್ತದೆ.

ಮರಕ್ಕೆ ಬಂದರೆ ಇನ್ನೊಂದು ತೊಡಕು ಇದೆ. ಅಲ್ಲಿ ಸೆಲ್ಯುಲೋಸ್ ಸುತ್ತ ಲಿಗ್ನಿನ್ ಎಂಬ ಗಾರೆ ಮೆತ್ತಿಕೊಂಡಿರುತ್ತದೆ. ಬಿಳಿ ಕೊಳೆಯ ಶಿಲೀಂಧ್ರಗಳು ಈ ಗಾರೆಯನ್ನೂ ಒಡೆಯುತ್ತವೆ, ಉಳಿದ ಮರ ಬೆಳ್ಳಗೆ ನಾರುನಾರಾಗುತ್ತದೆ. ಕಂದು ಕೊಳೆಯವು ಬೇರೆ ದಾರಿ ಹಿಡಿಯುತ್ತವೆ. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ, ಎದುರಿಗೆ ಸಿಕ್ಕಿದ್ದನ್ನೆಲ್ಲ ಸುಡುವಂಥ ರಾಸಾಯನಿಕ ಕಿಡಿ ಹಚ್ಚುತ್ತವೆ. ಆದರೆ ಆ ಕಿಡಿಗೆ ತಮ್ಮವರು ಬೇರೆಯವರು ಎಂಬ ಭೇದವಿಲ್ಲ, ಶಿಲೀಂಧ್ರದ ಎಂಜೈಮ್‌ಗಳನ್ನೂ ಹಾಳು ಮಾಡುತ್ತದೆ. ಅದಕ್ಕೇ ಮುಂದೆ ಸಾಗುವ ಎಳೆಗಳ ತುದಿಯಲ್ಲಿ ಮೊದಲು ಕಿಡಿಯ ಕೆಲಸ. ಕೆಲವು ಮಿಲಿಮೀಟರ್ ಹಿಂದೆ, ಗಲಾಟೆ ತಣ್ಣಗಾದ ಮೇಲೆ, ಎಂಜೈಮ್‌ಗಳ ಸರದಿ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮಿದುಳಿಲ್ಲದ ಜೀವಿಗೆ ಇಷ್ಟು ಸಮಯಪ್ರಜ್ಞೆ!

ಸಕ್ಕರೆ ಬೇಡವೆಂದರೆ ರಾಶಿಗೆ ಏನು ಹಾಕಬೇಕು ಎಂದು ನೀವು ಕೇಳಿಯೇ ಕೇಳುತ್ತೀರಿ. ನೀರು ಹಾಕಿ. ಎಂಜೈಮ್ ಹೊರಗೆ ಹೋಗುವುದೂ ಚೂರು ಒಳಗೆ ಬರುವುದೂ ತೇವದ ಮೂಲಕವೇ. ತೇವಾಂಶ 20 ಶೇಕಡಕ್ಕಿಂತ ಕಡಿಮೆ ಇರುವ ಮರಕ್ಕೆ ಕೊಳೆ ಹಿಡಿಯುವುದಿಲ್ಲ. ರಾಶಿ ಮುಳುಗುವಷ್ಟೂ ಸುರಿಯಬೇಡಿ, ಶಿಲೀಂಧ್ರಗಳಿಗೆ ಗಾಳಿಯೂ ಬೇಕು. ಒಣ ಎಲೆಯಲ್ಲಿ ಸಾರಜನಕ ಕಡಿಮೆ. ಅದಿಲ್ಲದೆ ಎಂಜೈಮ್ ಮಾಡಲಾಗುವುದಿಲ್ಲ, ಹಾಗಾಗಿ ಹಸಿರು ಸೊಪ್ಪು, ಕತ್ತರಿಸಿದ ಹುಲ್ಲು ಬೆರೆಸಿ. ದಪ್ಪ ಕೊಂಬೆಗಳನ್ನು ಮಾತ್ರ ಬೇರೆ ಇಡಿ. ಲಿಗ್ನಿನ್ ಒಡೆಯುವ ಕೆಲವು ಬಿಳಿ ಕೊಳೆಯವು ಸಾರಜನಕದ ಕೊರತೆಯಾದಾಗಲೇ ಆ ಕೆಲಸಕ್ಕೆ ಇಳಿಯುತ್ತವೆ. ಆ ಕೊಂಬೆಗಳನ್ನು ನೆರಳಲ್ಲಿ, ನೆಲಕ್ಕೆ ತಾಗಿಸಿ ಹಾಕಿ, ಒಂದೆರಡು ವರ್ಷ ಮರೆತುಬಿಡಿ.

– ಸಂಪಾದಕ