ಆಪ್ಷನ್ ಪಟ್ಟಿ ಆಮೇಲೆ, ಮೊದಲು ಆ ಖಾಲಿ ಸಾಲಿನ ಬಗ್ಗೆ ಬರೆಯಿರಿ

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ, ಪ್ರತಿ ಬದಲಾವಣೆಗೆ (ಕಮಿಟ್) ಬರೆಯುವ ಸಂದೇಶದ ಕೊನೆಗೆ 'ಕೀ: ವಿವರ' ರೂಪದ ಸಾಲು, ಅಂದರೆ ಟ್ರೇಲರ್, ಸೇರಿಸುವ ಟೂಲಿಗೆ ಡಾಕ್ಯುಮೆಂಟೇಶನ್ ಬರೆಯಬೇಕು, ಎಲ್ಲ ಆಪ್ಷನ್ ವಿವರಿಸಲೇ, ಬರೀ ಉದಾಹರಣೆ ಸಾಕೇ ಅಂತ ಕೇಳಿದ್ದೀರಿ. ಕೀಗಳನ್ನು ಕನ್ನಡದಲ್ಲಿ ಇಡಬಹುದಾ ಅಂತಲೂ ಕೇಳಿದ್ದೀರಿ. ಎರಡು ವರ್ಷದ ಹಿಂದೆ ಇವೇ ಪ್ರಶ್ನೆ ಇಟ್ಟುಕೊಂಡು ನಾನೂ ಕೂತಿದ್ದೆ.

ಬದಿಯಡ್ಕದ ಮನೆಯಿಂದಲೇ ಮಂಗಳೂರಿನ ಒಂದು ಸಣ್ಣ ತಂಡಕ್ಕೆ ಕೆಲಸ ಮಾಡುತ್ತಿದ್ದೆ. ಗಿಟ್‌ನ ಇಂಟರ್‌ಪ್ರಿಟ್-ಟ್ರೇಲರ್ಸ್ ಕಮಾಂಡ್ ಬಳಸಿ ನಾವೇ ಒಂದು ಸ್ಕ್ರಿಪ್ಟ್ ಮಾಡಿಕೊಂಡಿದ್ದೆವು. ಸಂದೇಶದ ಕೊನೆಗೆ 'Ticket: 214', 'Signed-off-by: ಹೆಸರು' (ಸೈನ್ಡ್-ಆಫ್-ಬೈ, ಸಹಿಯಂಥ ಸಾಲು) ಅಂತ ಎರಡು ಸಾಲು ಹಾಕುವುದು ಅದರ ಕೆಲಸ. ರಿಲೀಸ್ ದಿನ ಇನ್ನೊಂದು ಸ್ಕ್ರಿಪ್ಟ್ ಆ ಸಾಲುಗಳನ್ನು ಓದಿ, ಯಾರು ಯಾವ ಟಿಕೆಟ್, ಅಂದರೆ ಯಾವ ಕೆಲಸ, ಮುಗಿಸಿದರು ಅಂತ ಪಟ್ಟಿ ಮಾಡುತ್ತಿತ್ತು.

ಡಾಕ್ಯುಮೆಂಟ್ ನಾನು ಬರೆದೆ. ಹದಿನಾಲ್ಕು ಪುಟ. ಒಂದೂ ಆಪ್ಷನ್ ಬಿಡಲಿಲ್ಲ. ಅದೇ ಕೀ ಮೊದಲೇ ಇದ್ದರೆ ಏನು ಮಾಡಬೇಕು ಅನ್ನುವುದಕ್ಕೇ ಎರಡು ಪುಟ. ಮೊದಲ ಪುಟದಲ್ಲಿ ಒಂದು ಮಾದರಿ ಸಂದೇಶ ಕೊಟ್ಟೆ. ಅದು ಒಂದೇ ಸ್ಕ್ರೀನಿನಲ್ಲಿ ಕಾಣಲಿ ಅಂತ, ವಿವರಣೆಗೂ ಟ್ರೇಲರ್‌ಗೂ ನಡುವಿನ ಖಾಲಿ ಸಾಲು ತೆಗೆದುಬಿಟ್ಟೆ.

ತಪ್ಪು ಇಷ್ಟೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಬೀಳುವ ತಪ್ಪಲ್ಲ.

ಕಾಗದ ಬರೆದು ಕೊನೆಗೆ ಸ್ವಲ್ಪ ಜಾಗ ಬಿಟ್ಟು ಸಹಿ ಹಾಕುತ್ತೇವಲ್ಲ, ಗಿಟ್ ಆ ಜಾಗವನ್ನೇ ನೋಡುವುದು. ಟ್ರೇಲರ್‌ಗಳು ಸಂದೇಶದ ಕೊನೆಯ ಪ್ಯಾರಾ ಆಗಿರಬೇಕು, ಅದಕ್ಕಿಂತ ಮೊದಲು ಒಂದು ಖಾಲಿ ಸಾಲು ಇರಬೇಕು. ಇಲ್ಲದಿದ್ದರೆ ವಿವರಣೆ ಮತ್ತು ಟ್ರೇಲರ್ ಸೇರಿ ಒಂದೇ ಪ್ಯಾರಾ ಆಗುತ್ತವೆ. ಆಗಲೂ ಗಿಟ್ ಕೂಡಲೇ ಕೈಬಿಡುವುದಿಲ್ಲ. ಸೈನ್ಡ್-ಆಫ್-ಬೈಯಂಥ ಗುರುತಿನ ಸಾಲು ಒಂದಾದರೂ ಇದ್ದು, ಪ್ಯಾರಾದಲ್ಲಿ ಕಾಲುಭಾಗ, ಅಂದರೆ 25%, ಟ್ರೇಲರ್ ಇದ್ದರೆ ಒಪ್ಪಿಕೊಳ್ಳುತ್ತದೆ. ನಮ್ಮದು ಎರಡು ಟ್ರೇಲರ್. ಅಂಟಿಕೊಂಡ ವಿವರಣೆ ಆರು ಸಾಲಿನವರೆಗೆ ಇದ್ದರೆ ಪಾಸು. ಏಳನೆಯ ಸಾಲು ಬಂತೋ, ಎರಡೂ ಟ್ರೇಲರ್ ಲೆಕ್ಕಕ್ಕೇ ಇಲ್ಲ. ಎರರ್ ಬರುವುದಿಲ್ಲ, ವಾರ್ನಿಂಗೂ ಇಲ್ಲ. ನಾನು ಎರಡು ಸಾಲಿನ ವಿವರಣೆ ಇದ್ದ ಸಂದೇಶದಲ್ಲಿ ಪರೀಕ್ಷೆ ಮಾಡಿದ್ದೆ. ಸರಿಯಾಗಿಯೇ ಬಂದಿತ್ತು.

ಸ್ಕ್ರಿಪ್ಟ್ ಓಡಿಸಿದವರಿಗೆ ತೊಂದರೆ ಆಗಲಿಲ್ಲ, ಖಾಲಿ ಸಾಲನ್ನು ಅದೇ ಹಾಕಿಕೊಡುತ್ತದೆ. ಆದರೆ ತುಂಬಾ ಜನ ನನ್ನ ಮಾದರಿ ನೋಡಿ ಕೈಯಲ್ಲೇ ಟೈಪ್ ಮಾಡುತ್ತಿದ್ದರು. ಮಾಡದೆ ಇರುತ್ತಾರಾ? ಟ್ರೇಲರ್ ಸಾಲು ಈ ಟೂಲಿಗಿಂತ ಹಳೆಯದು. ಲಿನಕ್ಸ್ ಕರ್ನಲ್‌ನಲ್ಲಿ ಸೈನ್ಡ್-ಆಫ್-ಬೈ ಶುರುವಾದದ್ದು 2004ರಲ್ಲಿ, ಈ ಕಮಾಂಡ್ ಬಂದದ್ದು 2014ರ ಗಿಟ್ 2.2ರಲ್ಲಿ.

ಜೂನ್ ತಿಂಗಳು, ಹೊರಗೆ ಜೋರು ಮಳೆ, ಸಂಜೆಯಿಂದ ಕರೆಂಟ್ ಇರಲಿಲ್ಲ. ಪೆರ್ಲದಿಂದ ಕೆಲಸ ಮಾಡುತ್ತಿದ್ದ ಹುಡುಗಿ ಫೋನ್ ಮಾಡಿದಳು. "ಅಣ್ಣಾ, ಪಟ್ಟಿಯಲ್ಲಿ ನನ್ನದು ಒಂದೂ ಇಲ್ಲ. ನಾನು ಮೂರು ತಿಂಗಳು ಏನೂ ಮಾಡಿಲ್ವಾ?" ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಸಂದೇಶ ಬರೆಯುತ್ತಿದ್ದವಳು ಅವಳೇ. ಏನು ಬದಲಾಯಿತು, ಯಾಕೆ, ಬೇರೆ ಏನೇನು ಮಾಡಿ ನೋಡಿದೆ, ಎಲ್ಲ ಇರುತ್ತಿತ್ತು. ಹತ್ತು ಹನ್ನೆರಡು ಸಾಲು. ಅದಕ್ಕೇ ಅವಳ ಕೆಲಸ ಪೂರ್ತಿ ಬಿಟ್ಟುಹೋಗಿತ್ತು. 'ಬಗ್ ಸರಿ ಮಾಡಿದೆ' ಅಂತ ಚಿಕ್ಕ ವಿವರಣೆ ಬರೆದವರ ಹೆಸರೆಲ್ಲ ಬಂದಿತ್ತು. ಪುಶ್ ಆಗಿ ಎಲ್ಲರಿಗೂ ಹೋದ ಕಮಿಟ್ ತಿದ್ದಿದರೆ ಅದರ ಹ್ಯಾಶ್, ಅಂದರೆ ಗುರುತಿನ ಸಂಖ್ಯೆ, ಬದಲಾಗುತ್ತದೆ, ಅದರ ಮುಂದಿನವೂ ಬದಲಾಗುತ್ತವೆ. ಹಾಗಾಗಿ ಆ ರಾತ್ರಿ ಲ್ಯಾಪ್‌ಟಾಪಿನ ಉಳಿದ ಚಾರ್ಜಿನಲ್ಲಿ ಒಂದೊಂದೇ ಕಮಿಟ್ ಓದಿ, ನೋಟ್‌ಬುಕ್ಕಿನಲ್ಲಿ ಟಿಕೆಟ್ ನಂಬರ್ ಬರೆದುಕೊಂಡೆ. ಅವಳ ಮುಖ ನೋಡಿ ಮಾತಾಡಲು ಮಾರನೆಯ ವಾರದವರೆಗೂ ಆಗಲಿಲ್ಲ.

ಹಾಗಾಗಿ ಆಪ್ಷನ್ನಾ ಉದಾಹರಣೆಯಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನಿಸುತ್ತದೆ. ಆಪ್ಷನ್‌ಗಳು ಗಿಟ್‌ನ ಮ್ಯಾನ್ ಪೇಜಿನಲ್ಲಿ (ಕೈಪಿಡಿಯಲ್ಲಿ) ಇದ್ದೇ ಇವೆ, ಮತ್ತೆ ಬರೆಯಬೇಡಿ. ಟೂಲ್ ಯಾವುದನ್ನು ಟ್ರೇಲರ್ ಅಂತ ಒಪ್ಪುತ್ತದೆ, ಯಾವುದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಅದನ್ನು ಮೊದಲ ಪುಟದಲ್ಲಿ ಬರೆಯಿರಿ. ಸರಿಯಾದ ಮಾದರಿಯ ಪಕ್ಕದಲ್ಲೇ ತಪ್ಪಾದದ್ದನ್ನೂ ಇಡಿ. ಬರೀ ಮೂರು ಗೆರೆ (---) ಇರುವ ಸಾಲಿನ ವಿಷಯವನ್ನೂ ಸೇರಿಸಿ: ಈ ಕಮಾಂಡ್ ಅದನ್ನು ಸಂದೇಶದ ಕೊನೆ ಅಂದುಕೊಂಡು ಟ್ರೇಲರನ್ನು ಅದರ ಮೇಲೆ ಹಾಕುತ್ತದೆ. ಹುಕ್‌ನಲ್ಲಿ (ಕಮಿಟ್ ಮಾಡುವಾಗ ಗಿಟ್ ತಾನೇ ಓಡಿಸುವ ಸ್ಕ್ರಿಪ್ಟಿನಲ್ಲಿ) ಬಳಸುವುದಾದರೆ ನೋ-ಡಿವೈಡರ್ (--no-divider) ಆಪ್ಷನ್ ಕೊಡಲೇಬೇಕು.

ಕನ್ನಡದ ಕೀ ಬಗ್ಗೆ: ಕಾಸರಗೋಡಿನವನು ನಾನು, ಕನ್ನಡದಲ್ಲಿ ಫಾರಂ ಕೊಡಿ ಅಂತ ಕೇಳುತ್ತಲೇ ಬೆಳೆದವನು. ನನಗೂ ಜಾಸ್ತಿ ಆಸೆ ಇತ್ತು. 'ಪರಿಶೀಲನೆ:' ಅಂತ ಹಾಕಿ ನೋಡಿದೆ, ಓದುವಾಗ ಗಿಟ್ ಅದನ್ನು ಟ್ರೇಲರ್ ಅಂತ ಗುರುತಿಸುವುದಿಲ್ಲ. ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಮಾತ್ರ. ಕೋಲನ್ ಆದಮೇಲೆ ಧಾರಾಳವಾಗಿ ಕನ್ನಡ ಬರೆಯಬಹುದು. ನಾವು ಈಗ ಹಾಗೇ ಬರೆಯುತ್ತೇವೆ.

ನಿಮ್ಮ ಮಾದರಿಯನ್ನು ಹತ್ತು ಸಾಲಿನ ವಿವರಣೆ ಜೊತೆ ಒಂದು ಫೈಲಿಗೆ ಹಾಕಿ, ಇಂಟರ್‌ಪ್ರಿಟ್-ಟ್ರೇಲರ್ಸ್ ಕಮಾಂಡನ್ನು ಪಾರ್ಸ್ (--parse) ಆಪ್ಷನ್ ಕೊಟ್ಟು ಅದರ ಮೇಲೆ ಓಡಿಸಿ. ಟ್ರೇಲರ್ ಸಾಲುಗಳು ಮಾತ್ರ ಹೊರಗೆ ಬರಬೇಕು. ಏನೂ ಬರದಿದ್ದರೆ ಆ ಫೈಲನ್ನು ಹಾಗೇ ಇಲ್ಲಿ ಹಾಕಿ, ನಾನು ನೋಡುತ್ತೇನೆ.